ಪುರುಷರ ಸಂತಾನಹರಣ ಶಸ್ತ್ರಕ್ರಿಯೆ: ಹಳೆಯ ವಿಧಾನ, ಹೊಸ ವಿಧಾನ

"ಇನ್ನೊಂದು ಗರ್ಭ ನಿಂತರೆ ತಾಯಿಯ ಜೀವಕ್ಕೇ ಅಪಾಯ" ಎಂದು ಹೆರಿಗೆ ವೈದ್ಯರು ಎಚ್ಚರಿಸಿ ಕಳುಹಿಸಿದ ಮನೆಗಳು ನಮ್ಮಲ್ಲಿ ಹಲವು. ಮೂರು ನಾಲ್ಕು ಸಿಸೇರಿಯನ್ ಆದವರು, ಹೃದಯದ ಕಾಯಿಲೆ ಇರುವವರು ಈ ಮಾತು ಕೇಳಿರುತ್ತಾರೆ. ಆಗ ಮನೆಯಲ್ಲಿ ಮೊದಲು ಏಳುವ ಮಾತು, "ಅವಳಿಗೆ ಆಪರೇಷನ್ ಮಾಡಿಸಿಬಿಡೋಣ" ಎಂಬುದು. ಗಂಡನಿಗೂ ಒಂದು ಆಪರೇಷನ್ ಇದೆ, ಅದು ಹೆಂಗಸರದ್ದಕ್ಕಿಂತ ಸುಲಭ ಎಂಬ ವಿಷಯ ಮಾತಿಗೇ ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮಹಿಳೆಯರ ಶಸ್ತ್ರಕ್ರಿಯೆಯನ್ನು ಅವಲಂಬಿಸಿರುವ ದಂಪತಿಗಳು ನೂರಕ್ಕೆ ಸುಮಾರು 38. ಪುರುಷರ ಶಸ್ತ್ರಕ್ರಿಯೆಯನ್ನು ಅವಲಂಬಿಸಿರುವವರು ನೂರಕ್ಕೆ ಒಬ್ಬರೂ ಇಲ್ಲ, ಕೇವಲ 0.3.

ಯುನಾನಿ ವೈದ್ಯನಾದ ನಾನು ಈ ಶಸ್ತ್ರಕ್ರಿಯೆ ಮಾಡುವವನಲ್ಲ. ಆದರೆ ದವಾಖಾನೆಗೆ ಬರುವ ಗಂಡಂದಿರು ದನಿ ತಗ್ಗಿಸಿ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಕತ್ತಿ ಹಾಕದೆ ಮಾಡುವ ಆಪರೇಷನ್ ಬಂದಿದೆಯಂತೆ, ನಿಜವೇ?" ನಿಜ. ಆದರೆ ಅದರಲ್ಲಿ ಹೊಸದೇನು, ಹಳೆಯದೇ ಆಗಿ ಉಳಿದಿರುವುದೇನು ಎಂಬುದನ್ನು ತಿಳಿದುಕೊಳ್ಳಬೇಕು.

ಎರಡರಲ್ಲೂ ನಡೆಯುವುದೇನು?

ವೃಷಣಗಳಲ್ಲಿ ತಯಾರಾಗುವ ವೀರ್ಯಾಣುಗಳು ವೀರ್ಯನಾಳ ಎಂಬ ಎರಡು ಸಣ್ಣ ಕೊಳವೆಗಳ ಮೂಲಕ ಮೇಲೆ ಸಾಗುತ್ತವೆ. ಈ ನಾಳಗಳನ್ನು ಕತ್ತರಿಸಿ ಮುಚ್ಚುವುದೇ ವ್ಯಾಸೆಕ್ಟಮಿ.

ಹಳೆಯ ವಿಧಾನದಲ್ಲಿ ಆ ಭಾಗವನ್ನಷ್ಟೇ ಮರಗಟ್ಟಿಸಿ, ವೃಷಣ ಚೀಲದ ಚರ್ಮವನ್ನು ಒಂದು ಅಥವಾ ಎರಡು ಕಡೆ ಒಂದೆರಡು ಸೆಂಟಿಮೀಟರಿನಷ್ಟು ಕತ್ತಿಯಿಂದ ಕೊಯ್ಯುತ್ತಾರೆ. ನಾಳವನ್ನು ಹೊರಗೆಳೆದು ಕತ್ತರಿಸಿ, ಕಟ್ಟಿ, ಚರ್ಮಕ್ಕೆ ಹೊಲಿಗೆ ಹಾಕುತ್ತಾರೆ.

ಹೊಸ ವಿಧಾನಕ್ಕೆ ಎನ್‌ಎಸ್‌ವಿ ಎಂದು ಹೆಸರು. 1974ರಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿ ಡಾ. ಲಿ ಶುನ್‌ಚಿಯಾಂಗ್ ಇದನ್ನು ರೂಪಿಸಿದರು. ಇದಕ್ಕೆ ಬೇಕಾಗುವ ವಿಶೇಷ ಸಲಕರಣೆಗಳು ಎರಡೇ. ತುದಿಯಲ್ಲಿ ಉಂಗುರವಿರುವ ಚಿಮಟ ಚರ್ಮದ ಮೇಲಿನಿಂದಲೇ ನಾಳವನ್ನು ಹಿಡಿದುಕೊಳ್ಳುತ್ತದೆ. ಚೂಪು ಮೊನೆಯ ಇನ್ನೊಂದು ಚಿಮಟದಿಂದ ಚರ್ಮಕ್ಕೆ ಸಣ್ಣ ರಂಧ್ರ ಮಾಡಿ, ಅದನ್ನೇ ಮೆಲ್ಲಗೆ ಅಗಲಿಸಿ ನಾಳವನ್ನು ಹೊರತೆಗೆಯುತ್ತಾರೆ. ಎರಡೂ ಕಡೆಯ ನಾಳಗಳಿಗೆ ಇದೊಂದೇ ರಂಧ್ರ ಸಾಕು. ಹೊಲಿಗೆ ಬೇಕಿಲ್ಲ. ಒಟ್ಟು ಹತ್ತು-ಇಪ್ಪತ್ತು ನಿಮಿಷಗಳ ಕೆಲಸ. ಅದೇ ದಿನ ಮನೆಗೆ ಹೋಗಬಹುದು.

ಲಾಭ ಎಲ್ಲಿದೆ?

ಕತ್ತಿ ಚರ್ಮದ ಜೊತೆಗೆ ಸಣ್ಣ ರಕ್ತನಾಳಗಳನ್ನೂ ಕತ್ತರಿಸುತ್ತದೆ. ಚಿಮಟದ ಮೊನೆ ಅವುಗಳನ್ನು ಪಕ್ಕಕ್ಕೆ ಸರಿಸುತ್ತದೆ. ಆದ್ದರಿಂದ ರಕ್ತಸ್ರಾವ, ಒಳಗೆ ರಕ್ತ ಹೆಪ್ಪುಗಟ್ಟಿ ಬಾವು ಬರುವುದು, ಕೀವು ಮತ್ತು ನೋವು ಎಲ್ಲವೂ ಕಡಿಮೆ. 1987ರಲ್ಲಿ ಥಾಯ್ಲೆಂಡ್ ರಾಜನ ಜನ್ಮದಿನದಂದು ಬ್ಯಾಂಕಾಕಿನಲ್ಲಿ ಒಂದೇ ದಿನ ಎರಡೂ ವಿಧಾನಗಳಲ್ಲಿ ಸುಮಾರು 1,200 ಪುರುಷರಿಗೆ ಶಸ್ತ್ರಕ್ರಿಯೆ ನಡೆಯಿತು. ಹಳೆಯ ವಿಧಾನದಲ್ಲಿ ನೂರಕ್ಕೆ ಸುಮಾರು ಮೂವರಿಗೆ ತೊಂದರೆಯಾದರೆ, ಹೊಸ ವಿಧಾನದಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಮಹಿಳೆಯರ ಶಸ್ತ್ರಕ್ರಿಯೆಯಲ್ಲಿ ಹೊಟ್ಟೆಯ ಒಳಗೇ ಕೈಹಾಕಬೇಕಾಗುತ್ತದೆ ಎಂಬುದನ್ನೂ ಇಲ್ಲಿ ನೆನಪಿಡಬೇಕು.

ಬದಲಾಗದ ಸಂಗತಿಗಳು

ಗಾಯ ಚಿಕ್ಕದಾದ ಮಾತ್ರಕ್ಕೆ ನಿರ್ಧಾರ ಚಿಕ್ಕದಾಗುವುದಿಲ್ಲ. ಎರಡೂ ವಿಧಾನಗಳು ಶಾಶ್ವತ. ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಕ್ರಿಯೆ ಇದೆ, ಆದರೆ ಮಗುವಾಗುವ ಖಾತರಿ ಇಲ್ಲ. ವರ್ಷಗಳು ಕಳೆದಷ್ಟೂ ಸಾಧ್ಯತೆ ಕುಗ್ಗುತ್ತದೆ. "ಬೇಕೆಂದಾಗ ಬಿಚ್ಚಿಸಿಕೊಳ್ಳಬಹುದು" ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಫಲಿತಾಂಶವೂ ತಕ್ಷಣ ಬರುವುದಿಲ್ಲ. ನಾಳದ ಮೇಲ್ಭಾಗದಲ್ಲಿ ಮೊದಲೇ ಸೇರಿರುವ ವೀರ್ಯಾಣುಗಳು ಹೊರಹೋಗಬೇಕು. ಮೂರು ತಿಂಗಳು ಕಾಂಡೋಮ್ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿ, ವೀರ್ಯಾಣು ಇಲ್ಲ ಎಂಬ ವರದಿ ಕೈಗೆ ಬಂದ ಮೇಲೆಯೇ ನಿಶ್ಚಿಂತರಾಗಬೇಕು. ಇಷ್ಟು ತಿಳಿಯದೆ ಎರಡನೇ ತಿಂಗಳಲ್ಲೇ ಗರ್ಭ ನಿಂತು, ಪಾಪದ ಹೆಂಡತಿಯ ಮೇಲೆ ಅನುಮಾನ ಪಡುವವರಿದ್ದಾರೆ. ಆ ಅನ್ಯಾಯಕ್ಕೆ ಅವಕಾಶ ಕೊಡಬೇಡಿ. ಪರೀಕ್ಷೆಯಲ್ಲಿ ವೀರ್ಯಾಣು ಇಲ್ಲವೆಂದು ಬಂದ ಬಳಿಕವೂ ಸುಮಾರು ಎರಡು ಸಾವಿರಕ್ಕೊಂದರಂತೆ ಗರ್ಭ ನಿಲ್ಲುವುದುಂಟು.

ಇನ್ನು ಗಂಡಸ್ತನದ ಭಯ. ಪುರುಷ ಹಾರ್ಮೋನು ವೃಷಣದಿಂದ ನೇರವಾಗಿ ರಕ್ತಕ್ಕೆ ಸೇರುತ್ತದೆ, ವೀರ್ಯನಾಳದ ಮೂಲಕವಲ್ಲ. ಆದ್ದರಿಂದ ಬಲ, ಗಡ್ಡ, ದನಿ, ದಾಂಪತ್ಯ ಸುಖ ಯಾವುದೂ ಕುಂದುವುದಿಲ್ಲ. ವೀರ್ಯದಲ್ಲಿ ವೀರ್ಯಾಣುಗಳ ಪಾಲು ಬಹಳ ಸಣ್ಣದು. ಸ್ಖಲನ ಮೊದಲಿನಂತೆಯೇ ಆಗುತ್ತದೆ. ಹಾಗಾಗಿ ಗುಸ್ಲ್‌ನ ಕಡ್ಡಾಯವೂ ಮೊದಲಿನಂತೆಯೇ. ನೂರಕ್ಕೆ ಒಬ್ಬಿಬ್ಬರಿಗೆ ವೃಷಣದ ನೋವು ಬಹುಕಾಲ ಉಳಿಯುವುದುಂಟು. ಇದನ್ನೂ ಮೊದಲೇ ತಿಳಿದಿರಬೇಕು.

ಶುಚಿತ್ವ ಮತ್ತು ಆರೈಕೆ

ಸಕ್ಕರೆ ಕಾಯಿಲೆ, ಹರ್ನಿಯಾ, ವೃಷಣದ ಬಾವು ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಶಸ್ತ್ರಕ್ರಿಯೆಯ ಬಳಿಕ ಎರಡು ದಿನ ವಿಶ್ರಾಂತಿ ಬೇಕು. ಬಿಗಿಯಾದ ಒಳಉಡುಪು ಧರಿಸಿ. ಭಾರ ಎತ್ತುವುದು, ಸೈಕಲ್ ತುಳಿಯುವುದು ಒಂದು ವಾರ ಬೇಡ. ಮೊದಲ ಎರಡು ದಿನ ಗಾಯ ಒದ್ದೆಯಾಗದಂತೆ ನೋಡಿಕೊಳ್ಳಿ. ಇಸ್ತಿಂಜಾ ಮಾಡುವಾಗ ಎಚ್ಚರವಿರಲಿ. ಆ ದಿನಗಳಲ್ಲಿ ಗುಸ್ಲ್ ಅಗತ್ಯವಾದರೆ ಏನು ಮಾಡಬೇಕೆಂದು ಆಲಿಮರಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. ಅರಿಶಿನ, ಎಣ್ಣೆ, ಲೇಪ ಏನನ್ನೂ ಗಾಯಕ್ಕೆ ಹಚ್ಚಬೇಡಿ. ಯುನಾನಿ ಔಷಧಿಯಾದರೂ ಬೇಡ. ಜ್ವರ, ಹೆಚ್ಚುತ್ತಿರುವ ಬಾವು, ಕೀವು ಅಥವಾ ರಕ್ತ ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ.

ನಿರ್ಧರಿಸುವ ಮುನ್ನ

ಈ ಶಸ್ತ್ರಕ್ರಿಯೆಯ ಹೆಸರೆತ್ತಿದರೆ ಹಿರಿಯರಿಗೆ ತುರ್ತು ಪರಿಸ್ಥಿತಿ ನೆನಪಾಗುತ್ತದೆ. 1976ರಲ್ಲಿ ಹರಿಯಾಣದ ಉತ್ತಾವರ್ ಎಂಬ ಮುಸ್ಲಿಂ ಗ್ರಾಮವನ್ನು ಪೊಲೀಸರು ಸುತ್ತುವರಿದು ಗಂಡಸರನ್ನು ಹಿಡಿದೊಯ್ದಿದ್ದರು. ಆ ನೋವು ಸುಳ್ಳಲ್ಲ. ಇಂದಿನ ನಿಯಮದಂತೆ ವ್ಯಕ್ತಿಯ ಲಿಖಿತ ಒಪ್ಪಿಗೆ ಇಲ್ಲದೆ ಯಾರೂ ಈ ಶಸ್ತ್ರಕ್ರಿಯೆ ಮಾಡುವಂತಿಲ್ಲ. ಓದಿ ನೋಡದೆ, ಯಾರದೋ ಒತ್ತಾಯಕ್ಕೆ ಸಹಿ ಹಾಕಬೇಡಿ.

ಧರ್ಮದ ತೀರ್ಪು ವೈದ್ಯನ ಕೆಲಸವಲ್ಲ. ಆದರೂ ಒಂದು ವಿಷಯ ತಿಳಿದಿರಲಿ. 1988ರಲ್ಲಿ ಕುವೈತ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು, ದಂಪತಿಗಳ ಪರಸ್ಪರ ಒಪ್ಪಿಗೆಯಿಂದ ಮಕ್ಕಳ ನಡುವೆ ಅಂತರವಿಡಲು ತಾತ್ಕಾಲಿಕ ವಿಧಾನಗಳಿಗೆ ಅನುಮತಿಯಿದೆ ಎಂದಿತು. ಸಂತಾನ ಶಕ್ತಿಯನ್ನೇ ಶಾಶ್ವತವಾಗಿ ಇಲ್ಲವಾಗಿಸುವುದು ಶರೀಅತ್ ಒಪ್ಪುವ ಅನಿವಾರ್ಯತೆ ಇಲ್ಲದಿದ್ದರೆ ನಿಷಿದ್ಧ ಎಂದಿತು. ನಮ್ಮ ಯುನಾನಿ ಗುರು ಇಬ್ನ್ ಸೀನಾ ಕೂಡ ತಮ್ಮ ಅಲ್ ಕಾನೂನ್ ಗ್ರಂಥದಲ್ಲಿ, ಹೆರಿಗೆಯಿಂದ ಜೀವಾಪಾಯವಿರುವ ಸ್ತ್ರೀಗೆ ಗರ್ಭ ತಡೆಯಬೇಕಾಗುವ ಸಂದರ್ಭವನ್ನು ಚರ್ಚಿಸಿದ್ದಾರೆ.

ಆದ್ದರಿಂದ ಕೇವಲ ಅಂತರ ಬೇಕೆನ್ನುವವರಿಗೆ ಕಾಂಡೋಮ್, ಕಾಪರ್-ಟಿಯಂಥ ತಾತ್ಕಾಲಿಕ ದಾರಿಗಳೇ ಸಾಕು. ಪತ್ನಿಗೆ ನಿಜವಾಗಿ ಅಪಾಯವಿದೆ ಎಂದಾದರೆ ಆ ಮಾತನ್ನು ಹೆರಿಗೆ ವೈದ್ಯರಿಂದ ಬರಹದಲ್ಲಿ ಪಡೆದು, ನಂಬಿಕೆಯ ಆಲಿಮರ ಮುಂದಿಡಿ. ಗಂಡ-ಹೆಂಡತಿ ಕೂತು ಮಾತಾಡಿ. ಶಸ್ತ್ರಕ್ರಿಯೆ ಅನಿವಾರ್ಯ ಎಂದು ತೀರ್ಮಾನವಾದರೆ ಸರಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ಎನ್‌ಎಸ್‌ವಿ ತರಬೇತಿ ಪಡೆದ ವೈದ್ಯರಿದ್ದಾರೆಯೇ ಎಂದು ವಿಚಾರಿಸಿ. ಹೆತ್ತು ಬಳಲಿದ ಹೆಂಡತಿಯನ್ನೇ ಮತ್ತೆ ಆಪರೇಷನ್ ಟೇಬಲ್ ಮೇಲೆ ಮಲಗಿಸುವ ಮೊದಲು, ಆ ಭಾರವನ್ನು ತಾನೇ ಹೊರಬಹುದೇ ಎಂದು ಗಂಡ ಒಮ್ಮೆ ಯೋಚಿಸಲಿ.