ಬಿರುಕು ಬಿಟ್ಟ ಸಿಲಿಕಾನ್, ಮಿಣುಕದ ದೀಪ

ಹಳೆಯ ಅಂಬಾಸಿಡರ್ ಓಡಿಸಿದವರಿಗೆ ಇದು ಗೊತ್ತಿರುತ್ತದೆ. ರಾತ್ರಿ ಗಾಡಿ ನಿಂತು ಎಂಜಿನ್ ಐಡಲಿಂಗಿಗೆ ಇಳಿದರೆ ಹೆಡ್‌ಲೈಟ್ ಮಂಕಾಗುತ್ತಿತ್ತು, ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕತೊಡಗುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಎಲ್ಲ ಸರಿ. ಇದಕ್ಕಾಗಿ ಯಾರೂ ಗ್ಯಾರೇಜಿಗೆ ಹೋಗುತ್ತಿರಲಿಲ್ಲ. ಡೈನಮೋ ಇದ್ದ ಗಾಡಿಯ ಸ್ವಭಾವವೇ ಹಾಗಿತ್ತು.

ಡೈನಮೋದಲ್ಲಿ ವಿದ್ಯುತ್ ಹುಟ್ಟುವುದು ತಿರುಗುವ ಸುರುಳಿಗಳಲ್ಲಿ. ಅಲ್ಲಿ ಹುಟ್ಟಿದ ಕರೆಂಟೆಲ್ಲ ಕಾರ್ಬನ್ ಬ್ರಷ್‌ಗಳ ಮೂಲಕವೇ ಹೊರಗೆ ಬರಬೇಕು. ಬ್ರಷ್ ಉಜ್ಜುವುದು ನುಣುಪಾದ ಬಳೆಯ ಮೇಲಲ್ಲ, ತುಂಡು ತುಂಡಾದ ತಾಮ್ರದ ಕಮ್ಯುಟೇಟರ್ ಮೇಲೆ. ಅತಿಯಾಗಿ ತಿರುಗಿಸಿದರೆ ಕಿಡಿ ಹಾರುತ್ತದೆ, ಸುರುಳಿ ಕಿತ್ತು ಬರುತ್ತದೆ. ಹೀಗಾಗಿ ವೇಗಕ್ಕೆ ಮಿತಿ ಹಾಕಲೇಬೇಕಿತ್ತು. ಆ ಮಿತಿಯಿಂದಾಗಿ ಐಡಲಿಂಗಿನಲ್ಲಿ ಡೈನಮೋದ ವೋಲ್ಟೇಜ್ ಬ್ಯಾಟರಿಗಿಂತಲೂ ಕೆಳಗಿಳಿಯುತ್ತಿತ್ತು. ಆಗ ಕಟ್‌ಔಟ್ ಎಂಬ ಸಣ್ಣ ರಿಲೇ ಸಂಪರ್ಕ ಕಡಿದು, ದೀಪಗಳ ಭಾರವನ್ನೆಲ್ಲ ಬ್ಯಾಟರಿಯ ಮೇಲೆ ಹೊರಿಸುತ್ತಿತ್ತು.

ಇದಕ್ಕೆ ಪರಿಹಾರವೇನೆಂದು ಎಂಜಿನಿಯರುಗಳಿಗೆ ತಿಳಿಯದ್ದೇನಲ್ಲ. ಸುರುಳಿಯನ್ನು ನಿಲ್ಲಿಸಿ ಅಯಸ್ಕಾಂತವನ್ನು ತಿರುಗಿಸಿದರೆ ಆಲ್ಟರ್ನೇಟರ್ ಆಗುತ್ತದೆ. ಅದರ ಬ್ರಷ್‌ಗಳು ಅಯಸ್ಕಾಂತವನ್ನು ಜೀವಂತವಾಗಿಡುವ ಕೆಲವೇ ಆಂಪಿಯರ್ ಹೊತ್ತರೆ ಸಾಕು, ಅದೂ ನುಣುಪಾದ ಬಳೆಗಳ ಮೇಲೆ. ಎಂಜಿನ್ನಿಗಿಂತ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಅದನ್ನು ಧೈರ್ಯವಾಗಿ ತಿರುಗಿಸಬಹುದು. ತೊಡಕು ಒಂದೇ: ಅದು ಕೊಡುವುದು ಎಸಿ, ಬ್ಯಾಟರಿಗೆ ಬೇಕಿರುವುದು ಡಿಸಿ. ಅಮೆರಿಕದ ಕೆಲವು ಪೊಲೀಸ್ ಕಾರುಗಳಲ್ಲಿ ವೈರ್‌ಲೆಸ್ ಸೆಟ್ಟುಗಳಿಗಾಗಿ ಸೆಲೆನಿಯಂ ತಟ್ಟೆಗಳ ರೆಕ್ಟಿಫೈಯರ್ ಕೂರಿಸಿ ಆಲ್ಟರ್ನೇಟರ್ ಓಡಿಸಿದ್ದೂ ಉಂಟು. ಆದರೆ ಆ ತಟ್ಟೆಗಳು ದೊಡ್ಡವು, ಬಿಸಿ ತಡೆಯದಂಥವು. ಮನೆಮಂದಿ ಓಡಾಡುವ ಕಾರಿಗೆ ಅವು ಹೊಂದಲಿಲ್ಲ.

ದಾರಿ ತೆರೆದದ್ದು ಕಾರಿಗೆ ಸಂಬಂಧವೇ ಇಲ್ಲದ ಕಡೆ. ನ್ಯೂಜೆರ್ಸಿಯ ಬೆಲ್ ಪ್ರಯೋಗಾಲಯದಲ್ಲಿ ರಸೆಲ್ ಓಲ್ ಎಂಬಾತ ಅತಿ ಕಿರುತರಂಗದ ರೇಡಿಯೋ ಸಂಕೇತ ಹಿಡಿಯಲು ಸಿಲಿಕಾನ್ ಹರಳುಗಳನ್ನು ಪರೀಕ್ಷಿಸುತ್ತಿದ್ದರು. 1940ರ ಫೆಬ್ರವರಿಯಲ್ಲಿ, ನಡುವೆ ಬಿರುಕು ಬಿಟ್ಟಿದ್ದ ಒಂದು ತುಂಡು ವಿಚಿತ್ರವಾಗಿ ವರ್ತಿಸತೊಡಗಿತು. ದೀಪದ ಬೆಳಕು ಬಿದ್ದರೆ ಅದರಿಂದ ಸುಮಾರು ಅರ್ಧ ವೋಲ್ಟ್ ಹೊರಡುತ್ತಿತ್ತು. ಬೇರೆಯವರಾಗಿದ್ದರೆ ಬಿರುಕಿನ ಮಾಲೆಂದು ಬದಿಗೆಸೆದು ಒಳ್ಳೆಯದೊಂದನ್ನು ತೆಗೆದುಕೊಳ್ಳುತ್ತಿದ್ದರೇನೋ. ಓಲ್ ಅದನ್ನೇ ಹಿಡಿದು ಕೂತರು. ಈ ಕತೆಯಲ್ಲಿ ನನಗೆ ಬಹಳ ಇಷ್ಟವಾಗುವುದು ಈ ಹಟ. ಮಾರ್ಚಿನಲ್ಲಿ ಅವರು ಅದನ್ನು ತೋರಿಸಿದಾಗ, ಮುಂದೆ ಟ್ರಾನ್ಸಿಸ್ಟರ್ ಕಂಡುಹಿಡಿದವರಲ್ಲಿ ಒಬ್ಬರಾದ ವಾಲ್ಟರ್ ಬ್ರಾಟನ್ ತಮ್ಮ ಕಣ್ಣನ್ನೇ ನಂಬಲಿಲ್ಲ.

ಕಾರಣ ಬಿಡಿಸಿದವರು ಲೋಹತಜ್ಞರು. ಕರಗಿದ ಸಿಲಿಕಾನ್ ನಿಧಾನವಾಗಿ ಆರುವಾಗ ಅದರೊಳಗಿನ ಕಲ್ಮಶಗಳು ಬೇರ್ಪಟ್ಟು, ಒಂದು ಬದಿಯಲ್ಲಿ ಬೋರಾನ್ ಥರದ್ದು, ಇನ್ನೊಂದು ಬದಿಯಲ್ಲಿ ರಂಜಕ ಹೆಚ್ಚಾಗಿ ಉಳಿದಿದ್ದವು. ರಂಜಕದ ಸುಳಿವು ಸಿಕ್ಕಿದ್ದು ವಾಸನೆಯಿಂದ ಎಂಬುದು ಇನ್ನೂ ಸೊಗಸು. ಎರಡು ಬದಿ ಕೂಡುವ ಗಡಿ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತಿತ್ತು. ಡೈಯೋಡಿನ ಜೀವಾಳವೇ ಆ ಗಡಿ. 1950ರ ದಶಕದಲ್ಲಿ ಹೆಚ್ಚು ಕರೆಂಟ್ ತಡೆಯುವ, ಬಿಸಿಗೂ ಜಗ್ಗದ ಪುಟ್ಟ ಸಿಲಿಕಾನ್ ಡೈಯೋಡುಗಳು ಬಂದವು. ಅಂಥ ಆರನ್ನು ಆಲ್ಟರ್ನೇಟರಿನ ಹೊಟ್ಟೆಯೊಳಗೇ ಕೂರಿಸಿದರೆ ಮೂರು ಫೇಸಿನ ಎಸಿ ಡಿಸಿಯಾಗಿ ಹೊರಬರುತ್ತದೆ. 1960ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಕ್ರೈಸ್ಲರ್ ಕಂಪನಿ ಇದನ್ನು ಎಲ್ಲ ಗಿರಾಕಿಗಳಿಗೂ ಕೊಟ್ಟಿತು. ದಶಕ ಕಳೆಯುವುದರೊಳಗೆ ಅಮೆರಿಕದ ಕಾರುಗಳಲ್ಲಿ ಡೈನಮೋ ಮೂಲೆ ಸೇರಿತು.

ಹಾಗಾಗಿ ಇಂದು ಐಡಲಿಂಗಿನಲ್ಲಿ ದೀಪ ಮಿಣುಕಿದರೆ ಅದನ್ನು ಗಾಡಿಯ ಸ್ವಭಾವವೆಂದು ಬಿಡುವಂತಿಲ್ಲ. ಎಲ್ಲೋ ಏನೋ ಕೆಟ್ಟಿದೆ. ಬಲ್ಬನ್ನೋ ಬ್ಯಾಟರಿಯನ್ನೋ ಮೊದಲು ಬದಲಿಸುವ ಅಭ್ಯಾಸ ನಮ್ಮಲ್ಲಿದೆ, ದುಡ್ಡು ದಂಡ. ಡ್ಯಾಶ್‌ಬೋರ್ಡ್ ಮಾತ್ರ ಮಿಣುಕುತ್ತಿದೆಯೋ, ಹೆಡ್‌ಲೈಟೂ ಜೊತೆಗಿದೆಯೋ ಎಂದು ಮೊದಲು ಗೋಡೆಗೆ ಬೆಳಕು ಬಿಟ್ಟು ನೋಡಬೇಕು. ಡ್ಯಾಶ್‌ಬೋರ್ಡ್ ಒಂದೇ ಆದರೆ ಬೆಳಕು ಹೆಚ್ಚುಕಡಿಮೆ ಮಾಡುವ ಸ್ವಿಚ್ಚನ್ನು ಅಲುಗಿಸಿ, ಆಮೇಲೆ ಮೀಟರ್ ಬೋರ್ಡಿನ ಅರ್ಥ್ ವೈರನ್ನು ಹುಡುಕಿ. ಎರಡೂ ಮಿಣುಕಿದರೆ ಮಲ್ಟಿಮೀಟರ್ ಹಿಡಿಯಿರಿ. ಎಂಜಿನ್ ಆಫ್ ಇದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಆಸುಪಾಸಿನಲ್ಲಿರುತ್ತದೆ, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಆ ಅಂಕಿ ಒಂದೇ ಸಮನೆ ಏರಿಳಿದರೆ ಬೆಲ್ಟ್ ಜಾರುತ್ತಿರಬಹುದು, ರೆಗ್ಯುಲೇಟರ್ ಸೋತಿರಬಹುದು, ಅಥವಾ ಆ ಪುಟ್ಟ ಬ್ರಷ್‌ಗಳು ಸವೆದು ಬಳೆಯ ಮೇಲೆ ಕುಣಿಯುತ್ತಿರಬಹುದು. ಬ್ರಷ್ ಸಿಗುವುದು ಅಗ್ಗಕ್ಕೆ. ಅದಕ್ಕಾಗಿ ಇಡೀ ಆಲ್ಟರ್ನೇಟರ್ ಬದಲಿಸುವುದು ಅನ್ಯಾಯ.

ಡೈಯೋಡ್ ಸತ್ತಿದೆಯೇ ಎಂದು ತಿಳಿಯಲು ಮೀಟರನ್ನು ಎಸಿಗೆ ತಿರುಗಿಸಿ ಬ್ಯಾಟರಿಯ ಮೇಲೆ ಇಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅನುಮಾನ ಬಲವಾಗುತ್ತದೆ. ರೇಡಿಯೋದಲ್ಲಿ ಎಂಜಿನ್ ವೇಗದ ಜೊತೆ ಏರುವ ಸಿಳ್ಳು ಕೇಳಿಸಿದರೆ ಇನ್ನೂ ಬಲ. ಇದೂ ಸರಿಯಿದ್ದರೆ ಹೆಡ್‌ಲೈಟ್, ಬ್ಲೋವರ್ ಹಾಕಿಕೊಂಡು ಎಂಜಿನ್ ಬ್ಲಾಕಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಿರಿ. 0.2 ವೋಲ್ಟಿಗಿಂತ ಮೇಲಿದ್ದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ ಅಥವಾ ಸಡಿಲವಾಗಿದೆ. ಉಪ್ಪುಗಾಳಿಯ ಕರಾವಳಿಯ ಗಾಡಿಯಾದರೆ ನಾನು ಶುರು ಮಾಡುವುದೇ ಇಲ್ಲಿಂದ: ಪಟ್ಟಿ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಸವರಿ, ಅದೇ ಭಾರದಲ್ಲಿ ಮತ್ತೊಮ್ಮೆ ಅಳೆಯುವುದು.