ಚದುರಂಗದ ಹಲಗೆಯೂ ಮರದ ಸ್ವಭಾವವೂ

ಚದುರಂಗದ ಆಟವನ್ನು ಅರಿಯದ ವಿದ್ಯಾರ್ಥಿಗಳು ವಿರಳ. 64 ಮನೆಗಳ ಒಂದು ಹಲಗೆ, 32 ಕಾಯಿಗಳು; ಅದರ ಸಾಮಗ್ರಿ ಇಷ್ಟೇ. ಇವನ್ನು ಅಂಗಡಿಯಿಂದ ಕೊಂಡು ತರುವುದು ಸುಲಭ. ಆದರೆ ಸ್ವಹಸ್ತದಿಂದ ಮಾಡಿದ ಹಲಗೆಯ ಮೇಲೆ ಆಡುವ ಸಂತೋಷವೇ ಬೇರೆ. ಗರಗಸ, ಅರ, ಉಜ್ಜುಕಾಗದ ಮತ್ತು ಅಂಟು ಇದ್ದರೆ ಈ ಕೆಲಸಕ್ಕೆ ಸಾಕೆಂದು ನಾವೂ ಒಮ್ಮೆ ಭಾವಿಸಿದ್ದೆವು. ಇವುಗಳೊಡನೆ ಮರದ ಸ್ವಭಾವದ ಪರಿಚಯವೂ ಅವಶ್ಯವೆಂಬುದನ್ನು ನಮಗೆ ಕಲಿಸಿದುದು ನಮ್ಮ ಮೊದಲನೆಯ ಹಲಗೆ.

ಅದನ್ನು ನಾವು ಮಾಡಿದುದು ಮಳೆಗಾಲದಲ್ಲಿ. ತೇಗದ ಹಾಗೂ ಬಿಳಿಯ ಮರದ ಚೌಕಗಳನ್ನು ಜೋಡಿಸಿ, ಸುತ್ತಲೂ ಚೌಕಟ್ಟನ್ನಿಟ್ಟು, ಅಂಟು ಹಾಕಿ, ಸಾಲದೆಂದು ಮೊಳೆಗಳನ್ನೂ ಹೊಡೆದೆವು. ಬೇಸಗೆಯ ಒಂದು ಮಧ್ಯಾಹ್ನ ಫಟ್ಟೆಂಬ ಶಬ್ದ ಕೇಳಿಸಿತು. ನೋಡಿದರೆ ಹಲಗೆಯು ಒಂದು ಅಂಚಿನಿಂದ ಎದುರಿನ ಅಂಚಿನವರೆಗೆ ಸೀಳಿಹೋಗಿತ್ತು. ನಾವು ಮೊದಲು ದೂರಿದುದು ಅಂಟನ್ನು. ಆದರೆ ಸೂಕ್ಷ್ಮವಾಗಿ ಪರೀಕ್ಷಿಸಿದಾಗ, ಬಿರುಕು ಅಂಟಿನ ಗೆರೆಯಲ್ಲಿರದೆ ಮರದಲ್ಲಿಯೇ, ಅದೂ ಮರದ ಎಳೆಗಳ ದಿಕ್ಕಿನಲ್ಲಿಯೇ ಸಾಗಿದ್ದುದು ಕಂಡುಬಂದಿತು. ತಪ್ಪು ಅಂಟಿನದಲ್ಲ, ನಮ್ಮದು.

ಮರವೇಕೆ ಕುಗ್ಗುತ್ತದೆ?

ಮರವು ಅತಿ ಸೂಕ್ಷ್ಮವಾದ ಕೊಳವೆಗಳ ಕಟ್ಟಿನಂತಿದೆ. ಆ ಕೊಳವೆಗಳ ಗೋಡೆಗಳಲ್ಲಿ ಸೆಲ್ಯುಲೋಸಿನ ತಂತುಗಳು ಬಹುಮಟ್ಟಿಗೆ ಉದ್ದುದ್ದಕ್ಕೆ ಹಬ್ಬಿರುತ್ತವೆ. ಗಾಳಿಯಲ್ಲಿ ತೇವವು ಹೆಚ್ಚಿದಾಗ ನೀರಿನ ಅಣುಗಳು ಈ ತಂತುಗಳ ನಡುವೆ ಸೇರಿ, ಅವನ್ನು ಒಂದರಿಂದೊಂದು ದೂರಕ್ಕೆ ತಳ್ಳುತ್ತವೆ. ಒಣಹವೆಯಲ್ಲಿ ನೀರು ಹೊರಟುಹೋಗಿ, ತಂತುಗಳು ಮತ್ತೆ ಸಮೀಪಿಸುತ್ತವೆ. ತಂತುವಿನ ಉದ್ದವು ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದುದರಿಂದಲೇ ಮರವು ಎಳೆಗೆ ಅಡ್ಡವಾಗಿ ಹಿಗ್ಗಿ ಕುಗ್ಗುವುದು. ಎಳೆಯ ಉದ್ದಕ್ಕೆ ಆಗುವ ವ್ಯತ್ಯಾಸ ಅತ್ಯಲ್ಪ.

ಹಸಿಯ ತೇಗವನ್ನು ಪೂರ್ತಿಯಾಗಿ ಒಣಗಿಸಿದರೆ, ತಿರುಳಿನಿಂದ ತೊಗಟೆಯತ್ತ ಸಾಗುವ ದಿಕ್ಕಿನಲ್ಲಿ ಅದು ಶೇಕಡಾ 2.5ರಷ್ಟು ಕುಗ್ಗುತ್ತದೆ, ವರ್ಷದ ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಶೇಕಡಾ 5.8ರಷ್ಟು. ಈ ಕುಗ್ಗುವಿಕೆಯೆಲ್ಲವೂ ಮರದ ತೇವಾಂಶವು ಸುಮಾರು ಶೇಕಡಾ 30ಕ್ಕಿಂತ ಕೆಳಗಿಳಿಯುವಾಗ ಆಗತಕ್ಕದ್ದು. ಈಗ ಒಂದು ಲೆಕ್ಕವನ್ನು ಮಾಡೋಣ. ಹಲಗೆಯ ಅಗಲ 40 ಸೆಂಟಿಮೀಟರು. ಅದೆಲ್ಲವೂ ತೇಗವೆಂದೇ ಭಾವಿಸೋಣ. ಮಳೆಗಾಲಕ್ಕೂ ಬೇಸಗೆಗೂ ಮರದ ತೇವಾಂಶವು 30ರಲ್ಲಿ 4 ಭಾಗದಷ್ಟು ಇಳಿಯಿತೆನ್ನೋಣ. ಆಗ 5.8ರ 30ನೆಯ 4 ಭಾಗ, ಅಂದರೆ ಶೇಕಡಾ 0.77ರಷ್ಟು ಕುಗ್ಗಬೇಕು. 40 ಸೆಂಟಿಮೀಟರಿಗೆ ಇದು 3 ಮಿಲಿಮೀಟರು! ಚೌಕಟ್ಟಿನ ಪಟ್ಟಿಯಾದರೋ ತನ್ನ ಉದ್ದದಲ್ಲಿ ಕುಗ್ಗುವುದಿಲ್ಲ. ಕುಗ್ಗಲೇಬೇಕಾದ ಹಲಗೆಯನ್ನು ಕುಗ್ಗದ ಚೌಕಟ್ಟಿಗೆ ಬಿಗಿದ ಮೇಲೆ, ಅದು ಸೀಳದೆ ಮತ್ತೇನು ಮಾಡೀತು?

ಹಲಗೆಯನ್ನು ಮಾಡುವ ಕ್ರಮ

64 ಚೌಕಗಳನ್ನು ಒಂದೊಂದಾಗಿ ಕತ್ತರಿಸಿ ಜೋಡಿಸಬೇಕಾಗಿಲ್ಲ. ಚೆನ್ನಾಗಿ ಒಣಗಿದ ತೇಗದ 4 ಪಟ್ಟಿಗಳನ್ನೂ, ಚನ್ನಪಟ್ಟಣದ ಗೊಂಬೆಗಳಿಗೆ ಉಪಯೋಗಿಸುವ ಬಿಳಿಯ ಹಾಲೆಮರದ 4 ಪಟ್ಟಿಗಳನ್ನೂ ತೆಗೆದುಕೊಳ್ಳಿರಿ. ಪ್ರತಿಯೊಂದೂ 45 ಸೆಂಟಿಮೀಟರು ಉದ್ದ, 5 ಸೆಂಟಿಮೀಟರು ಅಗಲ, ಒಂದೂವರೆ ಸೆಂಟಿಮೀಟರು ದಪ್ಪವಿರಲಿ. ಒಂದು ಕಪ್ಪು, ಒಂದು ಬಿಳಿಯಂತೆ ಇವನ್ನು ಅಂಟಿಸಿ, ಒಂದು ದಿನ ಬಿಗಿಹಿಡಿದಿಡಬೇಕು. ಅನಂತರ ಈ ಹಲಗೆಯನ್ನು ಅಡ್ಡಲಾಗಿ 5 ಸೆಂಟಿಮೀಟರು ಅಗಲದ 8 ತುಂಡುಗಳಾಗಿ ಕೊಯ್ಯಬೇಕು. ಪ್ರತಿ ತುಂಡಿನಲ್ಲಿಯೂ 8 ಮನೆಗಳು ದೊರೆತವು. ಒಂದನ್ನು ಬಿಟ್ಟು ಒಂದನ್ನು ತಿರುಗಿಸಿಟ್ಟರೆ ಕಪ್ಪುಬಿಳುಪಿನ ಮನೆಗಳು ತಾವಾಗಿಯೇ ಸಿದ್ಧವಾಗುವುವು. ಈ ಎರಡನೆಯ ಜೋಡಣೆಯಲ್ಲಿ ಎಳೆಗಳ ತುದಿಗೆ ತುದಿ ಕೂಡುವುದರಿಂದ, ತುದಿಗಳು ಅಂಟನ್ನು ಹೀರಿಬಿಡುತ್ತವೆ. ಮೊದಲು ತೆಳುವಾಗಿ ಒಂದು ಲೇಪ ಕೊಟ್ಟು, ಅದು ಹೀರಿದ ಮೇಲೆ ಇನ್ನೊಮ್ಮೆ ಅಂಟು ಹಚ್ಚಿ ಕೂಡಿಸಬೇಕು.

ಎಲ್ಲ ಮನೆಗಳಲ್ಲಿಯೂ ಎಳೆಯ ದಿಕ್ಕು ಒಂದೇ ಆಗಿರುವುದನ್ನು ಗಮನಿಸಿರಿ. ಈ ವಿಧಾನದ ಮುಖ್ಯ ಗುಣವೇ ಇದು. ಇಡೀ ಹಲಗೆಯು ಒಂದೇ ದಿಕ್ಕಿಗೆ ಹಿಗ್ಗಿ ಕುಗ್ಗುವುದರಿಂದ, ಆ ದಿಕ್ಕಿನಲ್ಲಿ ಮಾತ್ರ ಅದಕ್ಕೆ ಅವಕಾಶ ಕೊಟ್ಟರಾಯಿತು. ತಳಕ್ಕೆ ಒಂದು ಪ್ಲೈವುಡ್ ಹಾಳೆಯನ್ನಿಡಿರಿ. ಅದರ ಪದರಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಒಂದರ ಚಲನೆಯನ್ನು ಇನ್ನೊಂದು ತಡೆಯುತ್ತದೆ. ಆದುದರಿಂದ ಅದು ಹೆಚ್ಚು ಹಿಗ್ಗುವುದಿಲ್ಲ. ಹಲಗೆಯನ್ನು ಇದಕ್ಕೆ ಎಳೆಯ ದಿಕ್ಕಿನ ನಡುಗೆರೆಯ ಉದ್ದಕ್ಕೆ ಮಾತ್ರ ಅಂಟಿಸಬೇಕು. ಎರಡು ಅಂಚುಗಳಲ್ಲಿ ಕೆಳಗಿನಿಂದ, ಉದ್ದನೆಯ ರಂಧ್ರಗಳ ಮೂಲಕ, ತಿರುಪುಮೊಳೆಗಳನ್ನು ಹಾಕಬಹುದು. ಚೌಕಟ್ಟನ್ನು ಪ್ಲೈವುಡ್ಡಿಗೆ ಕೂಡಿಸಿ, ಹಲಗೆಯ ಎರಡು ಪಕ್ಕಗಳಲ್ಲಿ 2 ಮಿಲಿಮೀಟರಿನಷ್ಟು ಸಂದು ಬಿಡಿರಿ. ಅಂಟಿಸುವುದಕ್ಕೆ ಮೊದಲೇ ಹಲಗೆಯ ಕೆಳಮೈಯ ಉಳಿದ ಭಾಗಕ್ಕೂ ಮೇಲ್ಮೈಗೆ ಹಚ್ಚುವ ವಾರ್ನಿಷನ್ನೇ ಹಚ್ಚಬೇಕು. ಒಂದೇ ಮೈಗೆ ಹಚ್ಚಿದರೆ ಇನ್ನೊಂದು ಮೈ ಬೇಗನೆ ತೇವವನ್ನು ಹೀರಿ, ಹಲಗೆಯು ತಟ್ಟೆಯಂತೆ ಬಾಗುವುದು.

ಕಾಯಿಗಳು

ಇಂದಿನ ಪಂದ್ಯಗಳಲ್ಲಿ ಕಾಣುವ ಕಾಯಿಗಳ ನಮೂನೆಯು 1849ರಲ್ಲಿ ಇಂಗ್ಲೆಂಡಿನಲ್ಲಿ ನಥಾನಿಯಲ್ ಕುಕ್ ಎಂಬವರ ಹೆಸರಿನಲ್ಲಿ ನೋಂದಣಿಯಾದುದು. ಅದಕ್ಕೆ ಪ್ರಸಿದ್ಧ ಆಟಗಾರ ಹೋವರ್ಡ್ ಸ್ಟಾಂಟನ್ನರ ಹೆಸರೇ ನಿಂತಿದೆ. ಅಗಲವಾದ ಬುಡ ಹಾಗೂ ದೂರದಿಂದಲೇ ಗುರುತು ಹತ್ತುವ ತಲೆ, ಇವು ಅದರ ಲಕ್ಷಣಗಳು. ರಾಜನಿಗೆ 9.5, ಮಂತ್ರಿಗೆ 8.5, ಒಂಟೆಗೆ 7, ಕುದುರೆಗೆ 6, ಆನೆಗೆ 5.5, ಕಾಲಾಳಿಗೆ 5 ಸೆಂಟಿಮೀಟರಿನ ಎತ್ತರ ಉಚಿತವಾದುದು. ಒಂದು ಮನೆಯಲ್ಲಿ ನಾಲ್ಕು ಕಾಲಾಳುಗಳು ಸರಿಯಾಗಿ ನಿಂತರೆ ಅಳತೆ ಹೊಂದಿತೆಂದು ತಿಳಿಯಬಹುದು.

ಲೇತು ಇಲ್ಲದವರು ಚೌಕ ಕೋಲಿನ ಮೂಲೆಗಳನ್ನು ಕೆತ್ತಿ 8 ಮುಖ, ಅನಂತರ 16 ಮುಖ ಮಾಡಿ, ಅರದಿಂದ ಉಜ್ಜಿ ದುಂಡಗಾಗಿಸಬಹುದು. ಎಳೆಗಳು ಬುಡದಿಂದ ತಲೆಗೆ ನೇರವಾಗಿ ಏರಿರಬೇಕು; ಅಡ್ಡವಾಗಿದ್ದರೆ ಕಾಯಿಯ ಸಣ್ಣ ಕುತ್ತಿಗೆ ಮುರಿಯುವುದು ಖಂಡಿತ. ಕುದುರೆಯನ್ನು ಕೆತ್ತುವುದೇ ಎಲ್ಲಕ್ಕಿಂತ ಕಷ್ಟ. ಅದನ್ನು ಕಡೆಗೆ, ಕೈ ಪಳಗಿದ ಮೇಲೆ ಮಾಡತಕ್ಕದ್ದು.

ಕಾಯಿ ಉರುಳದಿರಲು ಅದರ ಗುರುತ್ವಕೇಂದ್ರವು ಕೆಳಗಿರಬೇಕು. ರಾಜನ ಬುಡದ ತ್ರಿಜ್ಯ 1.9 ಸೆಂಟಿಮೀಟರು, ಗುರುತ್ವಕೇಂದ್ರದ ಎತ್ತರ 4 ಸೆಂಟಿಮೀಟರು ಎಂದಾದರೆ, 25 ಡಿಗ್ರಿ ಓರೆಯಾದೊಡನೆ ಅವನು ಬೀಳುವನು. ಬುಡದಲ್ಲಿ ರಂಧ್ರ ಕೊರೆದು, ಕಬ್ಬಿಣದ ನಟ್ಟನ್ನು ಹುದುಗಿಸಿ, ಆ ಎತ್ತರವನ್ನು 3 ಸೆಂಟಿಮೀಟರಿಗೆ ಇಳಿಸಿದರೆ 32 ಡಿಗ್ರಿಯವರೆಗೂ ನಿಲ್ಲುವನು. ಸೀಸವು ವಿಷವಾದುದರಿಂದ ಅದನ್ನು ಬಳಸಕೂಡದು.

ನಮ್ಮ ಎರಡನೆಯ ಹಲಗೆ ಹಲವು ಮಳೆಗಾಲ, ಬೇಸಗೆಗಳನ್ನು ಕಂಡಿದೆ, ಎಲ್ಲಿಯೂ ಬಿರುಕಿಲ್ಲ. ಮಳೆಯ ದಿನಗಳಲ್ಲಿ ಅದರ ಸಂದು ಕಿರಿದಾಗುತ್ತದೆ, ಬೇಸಗೆಯಲ್ಲಿ ಅಗಲವಾಗುತ್ತದೆ. ಅದರೊಳಗೆ ಎಷ್ಟು ಕಾಗದಗಳು ಹಿಡಿಯುತ್ತವೆಂಬುದನ್ನು ತಿಂಗಳಿಗೊಮ್ಮೆ ಎಣಿಸಿ ಬರೆದಿಟ್ಟರೆ, ಹಲಗೆಯೇ ಹವೆಯ ತೇವವನ್ನು ತೋರಿಸುವ ಉಪಕರಣವಾಗುವುದು. ವಿದ್ಯಾರ್ಥಿಗಳು ಈ ಪ್ರಯೋಗವನ್ನೂ ಮಾಡಿ ನೋಡಲಿ. ಆಡಲು ಕುಳಿತಾಗ ಬಿಳಿಯ ಮೂಲೆಮನೆಯು ತಮ್ಮ ಬಲಗಡೆಗೆ ಇರುವಂತೆ ಹಲಗೆಯನ್ನಿಡುವುದನ್ನು ಮಾತ್ರ ಮರೆಯದಿರಲಿ.