ವಾಂತಿ ನಿಂತ ಮೇಲೆ

ಚೊಚ್ಚಲ ಬಸುರಿಗೆ ನಾಲ್ಕು ತುಂಬಿ ಐದಕ್ಕೆ ಬಿತ್ತೆಂದರೆ ಮನೆಮಂದಿ ಉಸಿರು ಬಿಡುತ್ತಾರೆ. ‘ವಾಂತಿ ನಿಂತಿತಲ್ಲ, ಇನ್ನೇನೂ ಭಯವಿಲ್ಲ ಬಿಡು’ ಎನ್ನುತ್ತಾರೆ ಅತ್ತೆ. ಒಗ್ಗರಣೆ ವಾಸನೆಗೇ ಬಚ್ಚಲಿಗೆ ಓಡುತ್ತಿದ್ದವಳು ಈಗ ತಾನೇ ಒಗ್ಗರಣೆ ಹಾಕಿಕೊಂಡು ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಾಳೆ. ಮೂರು ತಿಂಗಳು ಬಚ್ಚಿಟ್ಟಿದ್ದ ಸುದ್ದಿ ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಹೆರಿಗೆ ಇನ್ನೂ ದೂರ. ಡಾಕ್ಟರೂ ‘ಇದು ಆರಾಮದ ಕಾಲ’ ಎಂದುಬಿಡುತ್ತಾರೆ.

ಬಹುಪಾಲು ಹೆಂಗಸರಿಗೆ ಮೈ ಹಗುರಾಗುವ ತಿಂಗಳುಗಳು ಇವು ಎಂಬುದು ನಿಜ. ಆದರೆ ಆರಾಮ ಎಂದು ಹೇಳಿ ಹೇಳಿಯೇ ನಾಲ್ಕರಿಂದ ಆರರವರೆಗಿನ ತಿಂಗಳುಗಳನ್ನು ನಾವು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟಿದ್ದೇವೆ. ಮೊದಲ ಮೂರು ತಿಂಗಳ ಹೆದರಿಕೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ, ಕೊನೆಯ ಮೂರು ತಿಂಗಳ ಸಡಗರವನ್ನೂ ಹಂಚಿಕೊಳ್ಳುತ್ತಾರೆ. ನಡುವೆ ಅವಳೊಬ್ಬಳೇ. ಮುಂದೆ ಹೆರಿಗೆಯ ಹೊತ್ತಿಗೆ ಬರಬಹುದಾದ ಎಷ್ಟೋ ಕಷ್ಟಗಳನ್ನು ತಡೆಯಲು ಆಗುವುದು ಈ ತಿಂಗಳುಗಳಲ್ಲೇ.

ವಾಂತಿ ಇರುವಷ್ಟು ದಿನ ಬಸಿರಿಗೆ ಅದಾದರೂ ಗುರುತಾಗಿತ್ತು. ಅದು ನಿಂತ ಮೇಲೆ, ಹೊಟ್ಟೆ ಇನ್ನೂ ಕಾಣದಿರುವಾಗ, ಮಗುವಿನ ಅಲುಗಾಟವೂ ಶುರುವಾಗದಿರುವಾಗ, ಒಳಗೆ ಎಲ್ಲ ಸರಿಯಿದೆಯೇ ಎಂದು ತಿಳಿಯುವ ದಾರಿಯೇ ಅವಳಿಗಿಲ್ಲ. ನನ್ನ ಮೊದಲ ಬಸಿರಿನಲ್ಲಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದೆ. ಏನಕ್ಕೆ ಕಾಯುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಒದೆಯುತ್ತದೆ ಎಂದು ಎಲ್ಲರೂ ಹೇಳಿದ್ದರು. ಮೊದಲು ಬಂದದ್ದು ಒದೆತವಲ್ಲ. ಕಣ್ಣು ಅದುರುತ್ತದಲ್ಲ, ಹಾಗೆ ಹೊಕ್ಕುಳಿನ ಕೆಳಗೆ ಏನೋ ಅದುರಿ ಸುಮ್ಮನಾಯಿತು. ವಾಯು ಇರಬೇಕೆಂದು ಹೊರಳಿ ಮಲಗಿದೆ. ಮತ್ತೆ ಅದೇ ಜಾಗದಲ್ಲಿ ಅದುರಿದಾಗ ಎದ್ದು ಕೂತೆ.

ಮೊದಲ ಬಸಿರಿನಲ್ಲಿ ಈ ಅಲುಗಾಟ ಸಾಮಾನ್ಯವಾಗಿ 18ರಿಂದ 20ನೇ ವಾರದ ಹೊತ್ತಿಗೆ ತಿಳಿಯುತ್ತದೆ. ಎರಡನೆಯ ಸಲ ಅದಕ್ಕಿಂತ ಬೇಗ ತಿಳಿಯುವುದುಂಟು, ಏಕೆಂದರೆ ಅದು ಏನೆಂದು ಅವಳಿಗೆ ಆಗಲೇ ಗೊತ್ತು. ಮಾಸು ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ಇನ್ನೂ ತಡವಾಗಬಹುದು. ಹಾಗಾಗಿ ಓರಗಿತ್ತಿಗೆ ನಾಲ್ಕೂವರೆಗೇ ಗೊತ್ತಾಯಿತಂತೆ, ನನಗೇಕಿಲ್ಲ ಎಂದು ಕೊರಗಬೇಕಾಗಿಲ್ಲ. 24 ವಾರವಾದರೂ ಏನೂ ತಿಳಿಯದಿದ್ದರೆ ಮಾತ್ರ ಡಾಕ್ಟರಿಗೆ ಹೇಳಲೇಬೇಕು. 20 ವಾರದ ಮಗು ತಲೆಯಿಂದ ಹಿಮ್ಮಡಿವರೆಗೆ ಸುಮಾರು 25 ಸೆಂಟಿಮೀಟರ್ ಉದ್ದ, ತೂಕ ಹೆಚ್ಚುಕಡಿಮೆ 300 ಗ್ರಾಂ. ಗರ್ಭಕೋಶ ಆಗಷ್ಟೇ ಹೊಕ್ಕುಳಿನ ಮಟ್ಟಕ್ಕೆ ಏರಿರುತ್ತದೆ.

ಹೊರಗೆ ಕಾಣದಿದ್ದರೂ ಒಳಗಿನ ದುಡಿಮೆ ದೊಡ್ಡದು. ಬಸಿರು ಬೆಳೆದಂತೆ ಮೈಯಲ್ಲಿ ರಕ್ತದ ಪ್ರಮಾಣ ಶೇ 40ರಿಂದ 50ರಷ್ಟು ಏರುತ್ತದೆ. ಅದರಲ್ಲಿ ನೀರಿನಂಶ ಬೇಗ ಹೆಚ್ಚುತ್ತದೆ, ಕೆಂಪು ಕಣಗಳು ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಆದ್ದರಿಂದ ನಡುವಿನ ತಿಂಗಳುಗಳಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ, ಬಿ.ಪಿ.ಯೂ ತುಸು ಇಳಿಯುತ್ತದೆ. ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದು ಇದರಿಂದ. ಮೊದಲೇ ರಕ್ತ ಕಡಿಮೆಯಿದ್ದ ಹುಡುಗಿಗೆ ಈ ಇಳಿತ ತಡೆಯುವುದಿಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52.2ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೆರಿಗೆಯಲ್ಲಿ ರಕ್ತ ಹೋದಾಗ ಇವರಿಗೇ ಮೊದಲು ಅಪಾಯ.

ನಾಲ್ಕನೇ ತಿಂಗಳಿನಿಂದ ಆಶಾ ಕಾರ್ಯಕರ್ತೆ ಕೊಡುವ ಕೆಂಪು ಮಾತ್ರೆ ಇರುವುದು ಇದಕ್ಕೆ. ದಿನಕ್ಕೊಂದರಂತೆ 180 ದಿನ ನುಂಗಬೇಕು. ಎಷ್ಟೋ ಮನೆಗಳಲ್ಲಿ ಅದು ದೇವರ ಗೂಡಿನ ಪಕ್ಕ ಹಾಗೇ ಬಿದ್ದಿರುತ್ತದೆ. ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಎರಡೂ ಸುಳ್ಳು. ಮಲ ಕಪ್ಪಾಗುವುದು, ಹೊಟ್ಟೆ ಕಟ್ಟುವುದು ನಿಜ. ಅದಕ್ಕೆ ನೀರು, ಸೊಪ್ಪು, ಹಣ್ಣು ಹೆಚ್ಚಿಸಬೇಕೇ ಹೊರತು ಮಾತ್ರೆ ಬಿಡಬಾರದು. ಕಾಫಿ ಟೀ ಜೊತೆಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತದು. ಕ್ಯಾಲ್ಸಿಯಂ ಮಾತ್ರೆಯನ್ನೂ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಒಂದು ಲೋಟ ನಿಂಬೆ ಪಾನಕದ ಜೊತೆ ನುಂಗಿದರೆ ಒಳ್ಳೆಯದು.

ಬಳಪ ತಿನ್ನುವ ಆಸೆ, ಒಲೆಯ ಮಣ್ಣಿನ ವಾಸನೆಗೆ ಬಾಯಲ್ಲಿ ನೀರೂರುವುದು, ಇವನ್ನು ಬಯಕೆ ಎಂದು ನಕ್ಕು ಸುಮ್ಮನಾಗುತ್ತೇವೆ. ಮಾವಿನಕಾಯಿ, ಹುಣಸೆಯ ಆಸೆ ಬಯಕೆಯೇ ಸರಿ. ಮಣ್ಣಿನ ಆಸೆ ಮಾತ್ರ ಎಷ್ಟೋ ಸಲ ರಕ್ತದಲ್ಲಿ ಕಬ್ಬಿಣ ಕಡಿಮೆಯಾಗಿರುವ ಸೂಚನೆ. ಸೆರಗಿನ ಮರೆಯಲ್ಲಿ ಬಳಪ ಕಡಿಯುವ ಹುಡುಗಿಯನ್ನು ಗದರಬೇಡಿ, ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗಿ.

ಊಟದ ಮಾತು ಬಂದರೆ, ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ರಾಜ್ಯ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆ ಬಸುರಿ ಬಾಣಂತಿಯರನ್ನು ಅಂಗನವಾಡಿಗೇ ಕರೆದು ಮಧ್ಯಾಹ್ನದ ಬಿಸಿಯೂಟ ಹಾಕಲು ಹೊರಟಿತು. ಮಲೆನಾಡಿನ ಒಂಟಿ ಮನೆಗಳಿಂದ ಒಂದು ಊಟಕ್ಕಾಗಿ ಗುಡ್ಡ ಹತ್ತಿಳಿಯುವ ತಾಪತ್ರಯ ಇತ್ತು, ಆ ದೂರು ನ್ಯಾಯವಾದದ್ದೇ. ಆದರೂ ಅವಳ ಪಾಲು ಅವಳ ತಟ್ಟೆಗೇ ಬೀಳಲಿ ಎಂಬ ಆ ಯೋಚನೆಯನ್ನು ನಾನು ಗೌರವಿಸುತ್ತೇನೆ.

ಐದನೇ ತಿಂಗಳಿನ ದೊಡ್ಡ ಪರೀಕ್ಷೆ ಸ್ಕ್ಯಾನಿಂಗ್. ‘ಅನಾಮಲಿ ಸ್ಕ್ಯಾನ್’ ಎಂದು ಬರೆದುಕೊಡುತ್ತಾರೆ, 18ರಿಂದ 20ನೇ ವಾರದೊಳಗೆ ಮಾಡಿಸಬೇಕು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಬೀಳುತ್ತದೆ. ಡಾಕ್ಟರು ಮಾತಾಡುವುದಿಲ್ಲ. ತಲೆಯ ಸುತ್ತಳತೆ, ಬೆನ್ನುಹುರಿ, ಹೃದಯದ ನಾಲ್ಕು ಕೋಣೆ, ಮೂತ್ರಪಿಂಡ, ತೊಡೆಯ ಮೂಳೆ, ಒಂದೊಂದನ್ನೇ ಅಳೆಯುತ್ತಾ ಹೋಗುತ್ತಾರೆ. ಮಲಗಿದವಳಿಗೆ ಆ ಮೌನವೇ ಭಯ. ಅಳತೆ ತೆಗೆಯುತ್ತಿದ್ದೇನೆ, ಅದಕ್ಕೇ ಸುಮ್ಮನಿದ್ದೇನೆ ಎಂದು ಅವರು ಒಂದು ಮಾತು ಹೇಳಿದರೆ ಸಾಕು, ಎಷ್ಟೋ ಜೀವಕ್ಕೆ ಸಮಾಧಾನ. ಈ ಪರೀಕ್ಷೆಯನ್ನು ಹಬ್ಬ ಕಳೆಯಲಿ, ಜಾತ್ರೆ ಮುಗಿಯಲಿ ಎಂದು ಮುಂದೂಡಬಾರದು. ದೊಡ್ಡ ದೋಷವೇನಾದರೂ ಕಂಡುಬಂದರೆ ಇನ್ನೊಬ್ಬ ತಜ್ಞರನ್ನು ಕಾಣಲು, ಗಂಡ ಹೆಂಡತಿ ಕೂತು ಯೋಚಿಸಲು ಸಮಯ ಬೇಕು. ಗರ್ಭಪಾತದ ಕಾನೂನಿಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ, 24 ವಾರ ದಾಟಿದರೂ ಗಂಭೀರ ದೋಷವಿದ್ದಲ್ಲಿ ವೈದ್ಯಕೀಯ ಮಂಡಳಿ ಅನುಮತಿ ನೀಡಬಹುದು. ಆದರೆ ವಾರ ಕಳೆದಂತೆಲ್ಲ ತಾಯಿಯ ಮೈಗೂ ಮನಸ್ಸಿಗೂ ನೋವು ಹೆಚ್ಚು.

ಸ್ಕ್ಯಾನಿಂಗ್ ಕೋಣೆಯ ಗೋಡೆಯ ಮೇಲೆ ಲಿಂಗ ಪತ್ತೆ ಅಪರಾಧ ಎಂಬ ಫಲಕ ಇದ್ದೇ ಇರುತ್ತದೆ. 1994ರಿಂದ ಕಾನೂನಿದೆ. ಆದರೂ ಹೊರಗೆ ಬಂದವಳನ್ನು ನೆಂಟರು ಮೊದಲು ಕೇಳುವುದು ‘ಏನಾದರೂ ಹೇಳಿದರಾ?’ ಎಂದೇ. 2023ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಕದ್ದುಮುಚ್ಚಿ ಸ್ಕ್ಯಾನಿಂಗ್ ನಡೆಸುತ್ತಿದ್ದ ಭ್ರೂಣಹತ್ಯೆ ಜಾಲ ಬಯಲಾಯಿತು. ಬೆಲ್ಲ ಕಾಯಿಸುವ ಜಾಗಕ್ಕೆ ಬಸುರಿಯರನ್ನು ಕರೆತಂದವರು ಅವರ ಮನೆಯವರೇ ಇರಬೇಕಲ್ಲ. ಹೊಟ್ಟೆಯ ಆಕಾರ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಆಟವನ್ನು ನಾನು ಅಂದಿನಿಂದ ನಿರಪಾಯದ ತಮಾಷೆ ಎಂದು ಒಪ್ಪುವುದಿಲ್ಲ.

ಇನ್ನೊಂದು ಪರೀಕ್ಷೆ ಸಕ್ಕರೆಯದು. ಮೊದಲ ತಪಾಸಣೆಯಲ್ಲೇ ಒಮ್ಮೆ, ಮತ್ತೆ 24ರಿಂದ 28 ವಾರದೊಳಗೆ ಇನ್ನೊಮ್ಮೆ. 75 ಗ್ರಾಂ ಗ್ಲೂಕೋಸ್ ಪುಡಿಯನ್ನು ನೀರಿಗೆ ಕದಡಿ ಕೊಡುತ್ತಾರೆ. ನಾಲ್ಕು ಗುಟುಕಿಗೇ ಗಂಟಲು ಕಟ್ಟುತ್ತದೆ. ಪೂರ್ತಿ ಕುಡಿದು ಎರಡು ಗಂಟೆ ಬೆಂಚಿನ ಮೇಲೆ ಕೂರಬೇಕು. ಆಮೇಲೆ ತೆಗೆದ ರಕ್ತದಲ್ಲಿ ಸಕ್ಕರೆ 140 ಅಥವಾ ಮೇಲಿದ್ದರೆ ಬಸಿರಿನ ಸಕ್ಕರೆ ಕಾಯಿಲೆ. ಸಿಹಿ ತಿಂದದ್ದಕ್ಕೆ ಬಂತು ಎಂದು ಅವಳನ್ನು ದೂರುವುದು ತಪ್ಪು. ಮಾಸು ಸುರಿಸುವ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುವುದರಿಂದ ಇದು ಬರುತ್ತದೆ, ಊಟದ ಹತೋಟಿ ಮತ್ತು ನಡಿಗೆಯಲ್ಲೇ ಬಹಳ ಮಂದಿಗೆ ಹಿಡಿತಕ್ಕೆ ಸಿಗುತ್ತದೆ.

ಈ ತಿಂಗಳುಗಳಿಗೆ ನಮ್ಮ ಹಿರಿಯರು ಒಂದು ಚೆಂದದ ಏರ್ಪಾಡು ಮಾಡಿದ್ದರು. ಹಳೆ ಮೈಸೂರು ಕಡೆ ಸೀಮಂತ, ಬಳೆ ತೊಡಿಸುವುದು. ಉತ್ತರ ಕರ್ನಾಟಕದಲ್ಲಿ ಕುಬಸ. ತುಳುನಾಡಿನಲ್ಲಿ ಬಯಕೆ. ಐದಕ್ಕೋ ಏಳಕ್ಕೋ, ಮನೆತನದ ಪದ್ಧತಿಯಂತೆ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮಡಿಲಲ್ಲಿ ಅಕ್ಕಿ, ಕಾಯಿ. ಹಳ್ಳಿಯ ಬಯಕೆ ಹಾಡುಗಳಲ್ಲಿ ಬಸುರಿ ತಿಂಗಳಿಗೊಂದರಂತೆ ತನಗೇನು ಬೇಕೆಂದು ಹೇಳುತ್ತಾ ಹೋಗುತ್ತಾಳೆ, ಸುತ್ತಲಿನವರು ಕೇಳಿಸಿಕೊಳ್ಳುತ್ತಾರೆ. ನಿನಗೇನು ಬೇಕು ಎಂದು ಸೊಸೆಯನ್ನು ಕೇಳುವುದೇ ಈ ಶಾಸ್ತ್ರದ ಜೀವ. ಈಗ ಫೋಟೊ, ಡ್ರೋನ್, ಬಲೂನಿನ ನಡುವೆ ಅವಳು ನಾಲ್ಕು ಗಂಟೆ ಅಲುಗಾಡದೆ ಕೂರಬೇಕು, ಕಾಲು ಬಾತರೂ ನಗಬೇಕು. ಮಕ್ಕಳಿಲ್ಲದವರನ್ನೂ ವಿಧವೆಯರನ್ನೂ ಆರತಿಯಿಂದ ದೂರವಿಡುವುದು ಇನ್ನೂ ನಿಂತಿಲ್ಲ. ಹೆತ್ತ ತಾಯಿಯೇ ವಿಧವೆಯೆಂಬ ಕಾರಣಕ್ಕೆ ಅಡುಗೆಮನೆಯಲ್ಲಿ ನಿಂತದ್ದನ್ನು ಕಂಡಿದ್ದೇನೆ. ಆ ಮಗಳ ಕಣ್ಣು ಬಾಗಿಲ ಕಡೆಗೇ ಇತ್ತು.

ಕೆಲಸಕ್ಕೆ ಹೋಗುವವಳ ಪಾಡು ಬೇರೆ. ಹೆರಿಗೆ ರಜೆ ಕಾನೂನು 2017ರ ತಿದ್ದುಪಡಿಯ ನಂತರ ಮೊದಲೆರಡು ಹೆರಿಗೆಗೆ 26 ವಾರ ಕೊಡುತ್ತದೆ, ಅದರಲ್ಲಿ ಹೆರಿಗೆಗೆ ಮೊದಲು ತೆಗೆದುಕೊಳ್ಳಬಹುದಾದ್ದು ಎಂಟು ವಾರ ಮಾತ್ರ. ಅಂದರೆ ಐದು, ಆರನೇ ತಿಂಗಳು ಅವಳು ದುಡಿಯುತ್ತಲೇ ಇರುತ್ತಾಳೆ. ಹೊಟ್ಟೆ ಕಾಣದ ಬಸುರಿಗೆ ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಕೇಳಲು ಅವಳಿಗೆ ನಾಚಿಕೆ. ಬಾಯಿಬಿಟ್ಟು ಕೇಳಿ ತಾಯಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಮನಸ್ಸಿನ ಸುದ್ದಿಯನ್ನು ನಾವು ಬಾಣಂತನಕ್ಕೆ ಮೀಸಲಿಟ್ಟಿದ್ದೇವೆ. ಬಸಿರಿನಲ್ಲೇ ಖಿನ್ನತೆ ಬರುವುದುಂಟು. ಕಾರಣವಿಲ್ಲದೆ ಅಳು, ನಿದ್ದೆಗೇಡು, ಯಾವುದರಲ್ಲೂ ಆಸೆಯಿಲ್ಲದಿರುವುದು ಎರಡು ವಾರ ಮೀರಿದರೆ ಸುಮ್ಮನಿರಬೇಡಿ. ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ರಕ್ತ ಕಂಡರೆ, ನೀರು ಹೋದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಮುಖ ಕೈ ಬಾತರೆ ಮಾತ್ರ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಬೇಕು.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ತುಂಬುವ ಬಸುರಿಯರಿಂದ ಹಿಡಿದು ಎಲ್ಲರಿಗೂ ಉಚಿತ ತಪಾಸಣೆ ಇರುತ್ತದೆ. 2016ರಿಂದ ನಡೆದು ಬಂದ ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅದು. ತಾಯಿ ಕಾರ್ಡ್ ಮರೆಯದೆ ಹೋಗಿ. ಗಂಡಂದಿರೇ, ಆ ಒಂದು ದಿನ ರಜೆ ಹಾಕಿ ನೀವೂ ಜೊತೆಗೆ ಹೋಗಿ, ಸಾಲಿನಲ್ಲಿ ಅವಳ ಪರವಾಗಿ ನೀವು ನಿಲ್ಲಿ.